ಬಿಸಿಲು ಕುಡಿದ ಚಿಗುರಿಗೆ ಘಮ ಏಕಿಲ್ಲ?

ಪ್ರಶ್ನೆ: ನಮ್ಮದು ನೀಲಗಿರಿಯ ಗೂಡಲೂರಿನ ಹತ್ತಿರ ಮೂರು ಎಕರೆ ಚಹಾ. ತಾತನ ಕಾಲದಲ್ಲಿ ಈ ಕಡೆ ಬಂದು ನೆಲೆಸಿದ ಕನ್ನಡದ ಮನೆ. ಅಕ್ಕನನ್ನು ಕೋಟಗಿರಿಗೆ ಕೊಟ್ಟಿದೆ, ಅವರಿಗೂ ಎರಡು ಎಕರೆ ಚಹಾ ಇದೆ. ಇಬ್ಬರೂ ಒಂದೇ ನರ್ಸರಿಯಿಂದ ಒಂದೇ ತಳಿ ತಂದು ನೆಟ್ಟವರು. ಜನವರಿಯಲ್ಲಿ ನಮ್ಮ ಎಲೆಗೂ ಒಳ್ಳೆಯ ಮಾತೇ ಬರುತ್ತದೆ. ಏಪ್ರಿಲ್ ಬಂತೆಂದರೆ ಫ್ಯಾಕ್ಟರಿಯವರು "ಎಲೆಯಲ್ಲಿ ವಾಸನೆಯೇ ಇಲ್ಲ, ಬರೀ ಒಗರು" ಎಂದು ದರ ಇಳಿಸುತ್ತಾರೆ. ಮನೆಯಲ್ಲೇ ಉಜ್ಜಿ ಒಣಗಿಸಿ ಕುಡಿದು ನೋಡಿದೆ, ಅವರ ಮಾತು ಸುಳ್ಳಲ್ಲ. ಅಕ್ಕನ ಮನೆಯ ಎಲೆಗೆ ಈ ದೂರು ಅಷ್ಟಿಲ್ಲ. ಬಿಸಿಲು ಎಲೆಯೊಳಗೆ ಏನು ಮಾಡುತ್ತದೆ? ನೀರು ಬಿಟ್ಟರೆ ಸರಿಹೋಗುತ್ತದೆಯೇ? ಚಳಿಗೂ ಚಿಗುರು ನಿಧಾನ, ಬಿಸಿಲಿಗೂ ನಿಧಾನ. ಒಂದರಲ್ಲಿ ಘಮ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಇದು ಹೇಗೆ?

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲಿ ಇಡೀ ವಿಷಯದ ಗಂಟು ಇದೆ. ಅದನ್ನು ಬಿಡಿಸುವ ಮೊದಲು ಘಮ ಎಂಬುದು ಎಲೆಯಲ್ಲಿ ಎಲ್ಲಿ, ಯಾವ ರೂಪದಲ್ಲಿ ಇರುತ್ತದೆ ಎಂದು ನೋಡೋಣ. ಅದು ತಿಳಿದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಈಗಲೇ ತೋಟಕ್ಕೆ ಹೋಗಿ ಒಂದು ಕುಡಿ ಕಿತ್ತು ಮೂಗಿನ ಹತ್ತಿರ ಹಿಡಿಯಿರಿ. ಟೀ ವಾಸನೆ ಬರುವುದಿಲ್ಲ. ಬೆರಳಲ್ಲಿ ಹೊಸಕಿದರೆ ಹುಲ್ಲು ಕೊಯ್ದಾಗಿನ ಹಸಿ ವಾಸನೆ ಬರುತ್ತದೆ. ಹೊಸಕಿದ್ದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಹತ್ತು ಹದಿನೈದು ನಿಮಿಷ ಕಾದರೆ ಆ ಹಸಿತನದ ಅಡಿಯಿಂದ ಹೂವಿನಂಥ, ಹಣ್ಣಿನಂಥ ಏನೋ ಒಂದು ಮೆಲ್ಲಗೆ ಏಳುತ್ತದೆ. ಚಹಾ ಗಿಡ ತನ್ನ ಘಮವನ್ನು ಬಿಡಿಯಾಗಿ ಇಟ್ಟುಕೊಳ್ಳುವುದಿಲ್ಲ. ಲಿನಲೂಲ್, ಜೆರಾನಿಯಾಲ್, ಮೀಥೈಲ್ ಸ್ಯಾಲಿಸಿಲೇಟ್ ಮುಂತಾದ ಪರಿಮಳದ ಪದಾರ್ಥಗಳನ್ನು ಸಕ್ಕರೆಯ ಕಣಗಳಿಗೆ ಕಟ್ಟಿಹಾಕಿ ಜೀವಕೋಶದ ಒಳಗಿನ ಚೀಲದಲ್ಲಿ ಇಟ್ಟಿರುತ್ತದೆ. ಕಟ್ಟಿದ್ದಾಗ ಅದಕ್ಕೆ ವಾಸನೆ ಇರುವುದಿಲ್ಲ. ಆ ಕಟ್ಟನ್ನು ಬಿಚ್ಚುವ ಕಿಣ್ವ ಬೇರೆ ಕಡೆ, ಕೋಶದ ಗೋಡೆಯಲ್ಲಿ ಇರುತ್ತದೆ. ಎಲೆ ಮುರಿದಾಗ, ಉಜ್ಜಿದಾಗ ಎರಡೂ ಸೇರುತ್ತವೆ, ಕಟ್ಟು ಬಿಚ್ಚುತ್ತದೆ, ಘಮ ಹೊರಡುತ್ತದೆ. ಈರುಳ್ಳಿ ಇಡಿಯಾಗಿದ್ದಾಗ ಕಣ್ಣು ಉರಿಸುವುದಿಲ್ಲ, ಹೆಚ್ಚಿದಾಗ ಉರಿಸುತ್ತದಲ್ಲ, ಅದೇ ಉಪಾಯ. ಚಹಾದಲ್ಲಿ ಈ ಬೀಗ ಮತ್ತು ಬೀಗದಕೈಯನ್ನು ವಿವರವಾಗಿ ಬಿಡಿಸಿ ತೋರಿಸಿದವರು 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು.

ಈ ಪದಾರ್ಥಗಳ ಹೆಸರು ಹೊಸದೆನಿಸಬಹುದು, ವಾಸನೆ ನಿಮಗೆ ಗೊತ್ತಿರುವುದೇ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಬಿಸಿ ಮಾಡುವಾಗ ಏಳುವ ಸಿಹಿ ಪರಿಮಳದ ದೊಡ್ಡ ಪಾಲು ಲಿನಲೂಲ್. ಗುಲಾಬಿಯಲ್ಲಿರುವುದು ಜೆರಾನಿಯಾಲ್. ಊಟಿಯ ಅಂಗಡಿಗಳಲ್ಲಿ ಮೈಕೈ ನೋವಿಗೆಂದು ಮಾರುವ ವಿಂಟರ್‌ಗ್ರೀನ್ ಎಣ್ಣೆ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್; ಅದರ ಗಿಡ ನಿಮ್ಮ ನೀಲಗಿರಿಯ ಕಾಡಲ್ಲೇ ಬೆಳೆಯುತ್ತದೆ. ಒಳ್ಳೆಯ ಚಳಿಗಾಲದ ನೀಲಗಿರಿ ಟೀಯನ್ನು ಹಾಲು ಹಾಕದೆ ಕುಡಿದಾಗ ಮೂಗಿನ ಮೇಲುಭಾಗಕ್ಕೆ ತಣ್ಣಗೆ ತಾಗುವುದರಲ್ಲಿ ಇದರ ಪಾಲೂ ಇದೆ. ಇನ್ನು ಹೊಸಕಿದ ಕೂಡಲೇ ಬರುವ ಹಸಿ ವಾಸನೆ ಹೆಕ್ಸೆನಾಲ್, ಹೆಕ್ಸೆನಲ್ ಎಂಬ ಗುಂಪಿನದು. ಇವು ಎಲೆಯ ಪೊರೆಗಳಲ್ಲಿರುವ ಕೊಬ್ಬು ಒಡೆದು ಹುಟ್ಟುವಂಥವು. ಸ್ವಲ್ಪ ಇದ್ದರೆ ಟೀಗೆ ತಾಜಾತನ, ಹೆಚ್ಚಾದರೆ ಬರೀ ಸೊಪ್ಪಿನ ವಾಸನೆ. ಕಪ್ಪು ಚಹಾದಲ್ಲಿ ಇಂಥ ಪರಿಮಳ ಪದಾರ್ಥಗಳು 600ಕ್ಕೂ ಹೆಚ್ಚು ಎಂದು ಗುರುತಿಸಿದ್ದಾರೆ. ಅಷ್ಟನ್ನೂ ಸೇರಿಸಿ ತೂಗಿದರೂ ಒಣ ಎಲೆಯ ತೂಕದಲ್ಲಿ ನೂರಕ್ಕೆ ಒಂದು ಪಾಲು ಆಗುವುದಿಲ್ಲ. ಅಷ್ಟು ಸಣ್ಣ ಗಂಟು ಇದು, ಕಳೆದುಹೋಗಲು ಹೆಚ್ಚು ಹೊತ್ತು ಬೇಡ.

ನಾಲಗೆಯ ರುಚಿಯ ಲೆಕ್ಕ ಬೇರೆ. ಎಳೆಯ ಕುಡಿಯ ಒಣ ತೂಕದಲ್ಲಿ ಸುಮಾರು ಕಾಲು ಭಾಗ ಪಾಲಿಫಿನಾಲ್‌ಗಳು. ಅವುಗಳಲ್ಲಿ ಮುಖ್ಯವಾದ ಕ್ಯಾಟೆಚಿನ್‌ಗಳದೇ ನಿಮ್ಮ ಫ್ಯಾಕ್ಟರಿಯವರು ಹೇಳುವ ಒಗರು. ಕಹಿಗೆ ಕೆಫೀನ್, ಅದು ನೂರಕ್ಕೆ ಎರಡರಿಂದ ನಾಲ್ಕು. ಇವೆರಡನ್ನೂ ಮೆತ್ತಗೆ ಮಾಡುವುದು ಥಿಯಾನಿನ್ ಎಂಬ ಅಮೈನೋ ಆಮ್ಲ, ಒಂದೆರಡು ಪಾಲು ಅಷ್ಟೆ. ಹುರುಳಿ ಕಟ್ಟಿನ ಸಾರಲ್ಲಿ ಉಪ್ಪು, ಹುಳಿ, ಖಾರ ಯಾವುದೂ ಅಲ್ಲದ ಒಂದು ತುಂಬು ರುಚಿ ಬಾಯಲ್ಲಿ ಉಳಿಯುತ್ತದಲ್ಲ, ಆ ಜಾತಿಯದು ಥಿಯಾನಿನ್‌ನ ರುಚಿ. 1949ರಲ್ಲಿ ಜಪಾನಿನಲ್ಲಿ ನೆರಳಲ್ಲಿ ಬೆಳೆಸಿದ ಗ್ಯೋಕುರೋ ಚಹಾದಿಂದ ಇದನ್ನು ಮೊದಲು ಬೇರ್ಪಡಿಸಿದರು. ನೆರಳಲ್ಲಿ ಬೆಳೆಸಿದ್ದು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಬಿಸಿಲಿಗೆ ಬರೋಣ. ಗಾಳಿಯ ಉಷ್ಣತೆ 18ರಿಂದ 30 ಡಿಗ್ರಿ ಇದ್ದಾಗ ಚಹಾ ಗಿಡ ನೆಮ್ಮದಿಯಾಗಿರುತ್ತದೆ. ಗೂಡಲೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 31, 32 ಆದರೆ "ಒಂದೆರಡು ಡಿಗ್ರಿ ತಾನೆ" ಅನಿಸುತ್ತದೆ. ಎಲೆಗೆ ತಾಗುವುದು ಹವಾಮಾನ ವರದಿಯ ಅಂಕಿಯಲ್ಲ. ಗಾಳಿಯಾಡದ ಮಧ್ಯಾಹ್ನ ನೇರ ಬಿಸಿಲಿಗೆ ಬಿದ್ದ ಎಲೆ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಥರ್ಮಾಮೀಟರ್‌ನದೇ ಜಾತಿಯ, ವಸ್ತುಗಳ ಬಿಸಿ ನೋಡುವ ಉಪಕರಣ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮರದ ನೆರಳಿನ ಎಲೆಗೆ ಒಮ್ಮೆ, ಬಯಲಿನ ಎಲೆಗೆ ಒಮ್ಮೆ ಹಿಡಿದು ನೋಡಿ. ಎರಡರ ಅಂತರ ಕಂಡ ಮೇಲೆ ನನ್ನ ಮುಂದಿನ ಮಾತಿಗೆ ಸಾಕ್ಷಿ ಬೇಕಾಗುವುದಿಲ್ಲ.

ಅಸ್ಸಾಮಿನ ಜೋರ್ಹಾಟ್‌ನಲ್ಲಿ 1911ರಿಂದ ಇರುವ ಟೋಕ್ಲಾಯ್ ಸಂಶೋಧನಾ ಕೇಂದ್ರದಲ್ಲಿ ಬಹಳ ಹಿಂದೆಯೇ ಇದನ್ನು ಅಳೆದಿದ್ದಾರೆ. ಎಲೆಯ ಬಿಸಿ 35 ಡಿಗ್ರಿ ದಾಟಿದರೆ ಆಹಾರ ತಯಾರಿಕೆ ಬೇಗಬೇಗ ಇಳಿಯುತ್ತದೆ. 40ರ ಆಸುಪಾಸಿಗೆ ಬಂದರೆ ದುಡಿದದ್ದೆಲ್ಲ ಉಸಿರಾಟಕ್ಕೇ ಸರಿಹೋಗಿ ಉಳಿತಾಯ ಸೊನ್ನೆ. ಅಂದರೆ ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿರುವಾಗ, ಗಿಡ ಅತಿ ಹೆಚ್ಚು ದುಡಿಯುತ್ತಿದೆ ಎಂದು ನಾವು ತಿಳಿದ ಹೊತ್ತಿನಲ್ಲಿ, ಅದು ಬಾಗಿಲು ಮುಚ್ಚಿ ಕುಳಿತಿರುತ್ತದೆ. ಎಲೆಯ ಸಣ್ಣ ರಂಧ್ರಗಳು ನೀರು ಉಳಿಸಲೆಂದು ಮುಚ್ಚಿಕೊಳ್ಳುತ್ತವೆ. ನೀರು ಆವಿಯಾಗಿ ಎಲೆಯನ್ನು ತಂಪು ಮಾಡುವುದೂ ಆಗ ನಿಲ್ಲುತ್ತದೆ, ಎಲೆ ಇನ್ನಷ್ಟು ಕಾಯುತ್ತದೆ.

ಇದರಿಂದ ಘಮಕ್ಕೆ ಹೊಡೆತ ಬೀಳುವುದು ಒಂದೇ ದಾರಿಯಲ್ಲಲ್ಲ. ಪರಿಮಳದ ಪದಾರ್ಥಗಳಿಗೆ ಕಚ್ಚಾ ಸಾಮಾನು ಎಲೆ ತಯಾರಿಸಿದ ಸಕ್ಕರೆ. ಅವನ್ನು ಕಟ್ಟಿಡಲು ಬೇಕಾದ ಹಗ್ಗವೂ ಸಕ್ಕರೆಯೇ. ಹಗಲಲ್ಲಿ ಗಳಿಕೆ ಕಡಿಮೆ. ರಾತ್ರಿ ಸೆಕೆ ಇದ್ದರೆ ಖರ್ಚು ಹೆಚ್ಚು, ಏಕೆಂದರೆ ಬಿಸಿ ಹತ್ತು ಡಿಗ್ರಿ ಏರಿದರೆ ಗಿಡದ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಉಳಿದ ಅಷ್ಟಿಷ್ಟನ್ನೂ ಗಿಡ ಮನೆ ರಿಪೇರಿಗೆ ಹಾಕಬೇಕು. ಬಿಸಿಗೆ ಸಡಿಲಾದ ಪೊರೆಗಳನ್ನು ಸರಿಮಾಡಬೇಕು, ಮುದುರಿ ಕೆಡುವ ಪ್ರೋಟೀನ್‌ಗಳನ್ನು ಹಿಡಿದು ನಿಲ್ಲಿಸುವ ಕಾವಲು ಪ್ರೋಟೀನ್‌ಗಳನ್ನು ಮಾಡಬೇಕು, ಜೀವಕೋಶ ಸುಡದಂತೆ ನೋಡಿಕೊಳ್ಳಬೇಕು. ಬರಗಾಲದಲ್ಲಿ ಮನೆಯವರು ಅಕ್ಕಿಬೇಳೆಗೆ ಹೊಂದಿಸುತ್ತಾರೆ, ಹೂವಿಗೆ ದುಡ್ಡು ತೆಗೆದಿಡುವುದಿಲ್ಲ. ಜೊತೆಗೆ ಬಿಸಿ ಏರಿದಷ್ಟೂ ಲಿನಲೂಲ್‌ನಂಥ ಹಗುರ ಪದಾರ್ಥಗಳು ಎಲೆಯಿಂದಲೇ ಗಾಳಿಗೆ ಹಾರುವುದು ಹೆಚ್ಚು.

ಪೊರೆಗಳ ಕೊಬ್ಬಿನಲ್ಲೂ ಬದಲಾವಣೆ ಇದೆ. ಬೆಣ್ಣೆ ಮತ್ತು ಎಣ್ಣೆಯ ವ್ಯತ್ಯಾಸ ನೆನೆಸಿಕೊಳ್ಳಿ: ಬಿಸಿಲಿಗೆ ಬೆಣ್ಣೆ ಕರಗಿದರೂ ಎಣ್ಣೆಯಷ್ಟು ತೆಳುವಲ್ಲ. ಸೆಕೆಯಲ್ಲಿ ಬೆಳೆದ ಎಲೆ ತನ್ನ ಪೊರೆ ತೀರಾ ತೆಳುವಾಗದಿರಲೆಂದು ಲಿನೋಲೆನಿಕ್ ಆಮ್ಲದಂಥ ತೆಳು ಕೊಬ್ಬನ್ನು ಕಡಿಮೆ ಮಾಡಿಕೊಳ್ಳುತ್ತದೆ. ತಾಜಾ ಹಸಿರು ವಾಸನೆ ಹುಟ್ಟುವುದೇ ಆ ಕೊಬ್ಬಿನಿಂದ.

ನಾಲಗೆಯ ರುಚಿಗೆ ಆಗುವುದು ಇನ್ನೂ ಸ್ಪಷ್ಟ. ಥಿಯಾನಿನ್ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಅದು ಚಿಗುರಿಗೆ ಏರಿ ಬರುತ್ತದೆ. ಬೆಳಕು ಜೋರಾಗಿದ್ದು ಎಲೆ ಬೆಚ್ಚಗಿದ್ದರೆ ಅಲ್ಲಿ ಒಡೆಯುತ್ತದೆ, ಒಡೆದ ಚೂರು ಕ್ಯಾಟೆಚಿನ್ ಕಟ್ಟುವುದಕ್ಕೇ ಬಳಕೆಯಾಗುತ್ತದೆ. ಮೆತ್ತಗೆ ಮಾಡುವುದನ್ನು ಮುರಿದು ಒಗರಿಗೆ ಸೇರಿಸಿದ ಹಾಗೆ. ಜಪಾನಿನವರು ಗ್ಯೋಕುರೋ ಗಿಡಗಳನ್ನು ಕೊಯ್ಲಿಗೆ ಮೊದಲು ಸುಮಾರು ಇಪ್ಪತ್ತು ದಿನ ಮುಚ್ಚಿಡುವುದು ಈ ಮುರಿತವನ್ನು ತಡೆಯಲೆಂದೇ. ಚೀನಾದಲ್ಲಿ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಎಲೆಗೆ ಹೆಚ್ಚು ಬೆಲೆ ಕೊಟ್ಟು, ಬೇಸಿಗೆಯ ಎಲೆಯನ್ನು ಒಗರೆಂದು ಬದಿಗಿಡುವ ವಾಡಿಕೆಯ ಹಿಂದೆಯೂ ಇದೇ ಇದೆ. ಆದರೆ ಒಗರು ಏರುವುದಕ್ಕೂ ಮಿತಿ ಉಂಟು. ಬಿಸಿಲು ತೀರಾ ಹೆಚ್ಚಾಗಿ ಕುಡಿ ಬಂಜಿ ಕಟ್ಟಿ (ಬೆಳೆಯದೆ ಮಲಗಿ), ಎಲೆ ಗಡಸಾಗಿ ನಾರು ಬಲಿತರೆ ಕ್ಯಾಟೆಚಿನ್ ಸಹ ಇಳಿಯುತ್ತದೆ. ಆಗ ಟೀಗೆ ಒಗರೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ನೀರು ನೀರು. ನಿಮ್ಮ ಎಲೆಗೆ "ಬರೀ ಒಗರು" ಎಂಬ ದೂರು ಬರುತ್ತಿದೆ ಎಂದರೆ ಗಿಡ ಇನ್ನೂ ಆ ಮಟ್ಟಕ್ಕೆ ಇಳಿದಿಲ್ಲ. ಇದು ಒಳ್ಳೆಯ ಸುದ್ದಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಚಹಾದ ಘಮ ಬಹುಪಾಲು ಗಿಡ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಸಾಮಗ್ರಿ. ಕಷ್ಟವೇ ಇಲ್ಲದ ಗಿಡಕ್ಕೆ ಘಮವೂ ಕಡಿಮೆ. ತೈವಾನಿನ 'ಓರಿಯಂಟಲ್ ಬ್ಯೂಟಿ' ಎಂಬ ಚಹಾಕ್ಕೆ ಜೇನಿನಂಥ ಪರಿಮಳ ಬರುವುದು ಹಸಿರು ಜಿಗಿಹುಳ ಚಿಗುರಿನ ರಸ ಹೀರಿದ್ದರಿಂದ. ಹುಳ ಕಚ್ಚದ ಎಲೆಯಿಂದ ಆ ಟೀ ಆಗುವುದೇ ಇಲ್ಲ. ಡಾರ್ಜಿಲಿಂಗಿನಲ್ಲಿ ಮೇ ಕೊನೆ, ಜೂನ್ ಹೊತ್ತಿನ ಎರಡನೇ ಚಿಗುರಿನ 'ಮಸ್ಕಟೆಲ್' ಘಮದಲ್ಲೂ ಜಿಗಿಹುಳ, ಥ್ರಿಪ್ಸ್‌ಗಳ ಕೈವಾಡ ಇದೆ. ಶ್ರೀಲಂಕಾದ ಊವಾ ಬೆಟ್ಟಗಳಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಣಗಾಳಿ ಬೀಸುವಾಗ ಗಿಡ ಬಾಯಾರುತ್ತದೆ, ಆಗಲೇ ಅಲ್ಲಿನ ಟೀಗೆ ಹೆಸರಾದ ವಿಂಟರ್‌ಗ್ರೀನ್ ಘಮ ಏರುತ್ತದೆ. ಚೀನಾದ ಯುನ್ನಾನ್‌ನಲ್ಲಿ ಅಮೆರಿಕದ ಸೆಲೀನಾ ಅಹ್ಮದ್ ಮತ್ತು ಸಂಗಡಿಗರು ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಗಾಲದ ಎಲೆಯಲ್ಲಿ ಕ್ಯಾಟೆಚಿನ್, ಕೆಫೀನ್‌ಗಳು ವಸಂತದ ಒಣ ದಿನಗಳ ಎಲೆಗಿಂತ ಶೇ. 50ರವರೆಗೂ ಕಡಿಮೆ ಇದ್ದವು. ಮಳೆ ಹಿಡಿದ ಮೇಲೆ ಎಲೆ ಭರಭರನೆ ಬೆಳೆದು ಇದ್ದದ್ದೆಲ್ಲ ತೆಳುವಾಯಿತು. ಸಾರಿಗೆ ನೀರು ಸೇರಿಸಿ ಹತ್ತು ಜನಕ್ಕೆ ಬಡಿಸಿದ ಹಾಗೆ.

ಹಾಗಾದರೆ ಬಿಸಿಲೂ ಒಂದು ಕಷ್ಟವೇ ಅಲ್ಲವೇ, ಅದರಿಂದ ಘಮ ಏಕೆ ಬರುವುದಿಲ್ಲ?

ಚಳಿಯ ಕಷ್ಟದಲ್ಲಿ ಬೆಳವಣಿಗೆ ಮೊದಲು ನಿಲ್ಲುತ್ತದೆ, ದುಡಿಮೆ ಆಮೇಲೆ. ನೀಲಗಿರಿಯ ಡಿಸೆಂಬರ್, ಜನವರಿಯ ದಿನ ನೆನೆಸಿಕೊಳ್ಳಿ. ಹಗಲೆಲ್ಲ ತಿಳಿಬಿಸಿಲು, ಎಲೆ ಆರಾಮಾಗಿ ಸಕ್ಕರೆ ಕೂಡಿಹಾಕುತ್ತದೆ. ರಾತ್ರಿ ಕೊರೆಯುವ ಚಳಿ, ಉಸಿರಾಟದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಚಿಗುರು ಉದ್ದವಾಗುವುದಿಲ್ಲ, ಆದ್ದರಿಂದ ಗಳಿಸಿದ್ದು ಹೊಸ ಎಲೆ ಕಟ್ಟಲು ಹೋಗುವುದಿಲ್ಲ. ಗಿಡದ ಕೈಯಲ್ಲಿ ಸಾಮಾನೂ ಇದೆ, ಸಮಯವೂ ಇದೆ. ಆಗ ಅದು ಪರಿಮಳ ಕಟ್ಟಿಡುತ್ತದೆ. ಊವಾದ ಗಾಳಿ ಒಣಗಿದ್ದರೂ ಆ ಬೆಟ್ಟಗಳಲ್ಲಿ ರಾತ್ರಿ ತಂಪು, ಗಿಡಕ್ಕೆ ಚೇತರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇದು ತಲೆಕೆಳಗು. ದುಡಿಮೆ ಮೊದಲು ಕುಸಿಯುತ್ತದೆ, ಖರ್ಚು ಏರುತ್ತದೆ. ಚಿಗುರು ನಿಧಾನವಾಗುವುದು ಹೊಟ್ಟೆಗಿಲ್ಲದೆ, ಕೂಡಿಡುವುದಕ್ಕಲ್ಲ. ಹೊರಗಿನಿಂದ ನೋಡಿದರೆ ಎರಡೂ 'ನಿಧಾನ'ವೇ. ಉಪವಾಸ ವ್ರತ ಹಿಡಿದವರೂ ಊಟವಿಲ್ಲದವರೂ ಇಬ್ಬರೂ ಹಸಿದೇ ಇರುತ್ತಾರೆ, ಆದರೆ ಇಬ್ಬರ ಮೈಯೂ ಒಂದೇ ಅಲ್ಲವಲ್ಲ.

ನಿಮ್ಮ ಅಕ್ಕನ ತೋಟದ ಮಾತಿಗೂ ಇದೇ ಉತ್ತರ. ಗೂಡಲೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 1,000 ಮೀಟರ್, ಕೋಟಗಿರಿ ಸುಮಾರು 1,800. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಂಪು ಎಂಬ ಲೆಕ್ಕ ಹಿಡಿದರೆ ಇಬ್ಬರ ನಡುವೆ ಐದು ಡಿಗ್ರಿಯ ಅಂತರ ಬಂತು. ನಿಮ್ಮ ಎಲೆ 35ರ ಗೆರೆ ದಾಟುವ ಹೊತ್ತಿಗೆ ಅವರದು ಇನ್ನೂ ಒಳಗೇ ಇರುತ್ತದೆ. ಕೆನ್ಯಾದವರು ಚಹಾ ತಳಿಯನ್ನು ಬೇರೆಬೇರೆ ಎತ್ತರದಲ್ಲಿ ಬೆಳೆಸಿ ಹೋಲಿಸಿದಾಗ, ಎತ್ತರದಲ್ಲಿ ನಿಧಾನವಾಗಿ ಬೆಳೆದ ಎಲೆಯಲ್ಲಿ ಹಸಿ ವಾಸನೆಗಿಂತ ಹೂವಿನ ಪರಿಮಳದ ಪಾಲು ಹೆಚ್ಚೆಂದು ಕಂಡಿತು. ಹಾಗಾಗಿ ಏಪ್ರಿಲ್‌ನಲ್ಲಿ ಕೋಟಗಿರಿಯ ಘಮವನ್ನು ಗೂಡಲೂರಿನಲ್ಲಿ ತರಿಸುತ್ತೇನೆಂದು ನಾನು ಹೇಳಲಾರೆ. ಈಗ ಕಳೆದುಕೊಳ್ಳುತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಉಳಿಸಿಕೊಳ್ಳಬಹುದು ಎಂದು ಧೈರ್ಯವಾಗಿ ಹೇಳಬಲ್ಲೆ. ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಾಡುಮನೆ ಕಡೆಯ ಚಹಾ ಓದುಗರಿಗೂ ಈ ಮಾತು ಸಲ್ಲುತ್ತದೆ.

ಏಕೆಂದರೆ, ನೀವು ಕೇಳದೇ ಇರುವ ಒಂದು ಜಾಗದಲ್ಲಿ ನನಗೆ ಹೆಚ್ಚು ಅನುಮಾನ ಇದೆ: ಚೀಲ.

ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್ ಮಧ್ಯಾಹ್ನ ಹೀಗೇ ಒಬ್ಬ ಸಣ್ಣ ಬೆಳೆಗಾರರ ತೋಟಕ್ಕೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಗೋಣಿಗಳು ಸಾಲಾಗಿ ನಿಂತಿದ್ದವು, ಬಾಯಿ ಬಿಗಿದು, ಕಾಲಲ್ಲಿ ತುಳಿದು ತುಂಬಿದ್ದು. ಬೆಳಿಗ್ಗೆ ಎಂಟಕ್ಕೆ ಕಿತ್ತ ಎಲೆ. ಲಾರಿ ಬಂದಿರಲಿಲ್ಲ. ಒಂದರ ಹಗ್ಗ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದೆ. ಮೇಲೆ ತಂಪಿತ್ತು, ಗೇಣುದ್ದ ಕೆಳಗೆ ಹಟ್ಟಿಗೊಬ್ಬರದ ರಾಶಿಯೊಳಗೆ ಕೈ ಇಟ್ಟಂಥ ಬಿಸಿ. ಹಿಡಿ ತುಂಬ ಎಲೆ ಹೊರತೆಗೆದರೆ ದಂಟಿನ ತುದಿ, ಎಲೆಯ ಅಂಚು, ನಡುನರ ಎಲ್ಲ ತಾಮ್ರದ ಬಣ್ಣ. ಆಗ ಚೀಲದಿಂದ ಎದ್ದ ವಾಸನೆ ಈಗಲೂ ನೆನಪಿದೆ. ಒಳ್ಳೆಯ ಟೀಯ ಘಮ ಅದು! ಬಟ್ಟಲಲ್ಲಿ ಇರಬೇಕಾದ ಘಮ ರಸ್ತೆ ಬದಿಯಲ್ಲಿ ಗಾಳಿಗೆ ಹೋಗುತ್ತಿತ್ತು. ಆ ತೋಟದ ಯಜಮಾನರು ಬಿಸಿಲನ್ನೂ ಗಿಡವನ್ನೂ ಬೈಯುತ್ತ ಪಕ್ಕದಲ್ಲೇ ನಿಂತಿದ್ದರು. ನನಗೆ ಸಂಕಟವಾಯಿತು, ಏಕೆಂದರೆ ಗಿಡ ಆ ಬಿಸಿಲಿನಲ್ಲೂ ತನ್ನ ಕೆಲಸ ಮಾಡಿ ಮುಗಿಸಿತ್ತು.

ಕಿತ್ತ ಎಲೆ ಸತ್ತಿರುವುದಿಲ್ಲ, ಉಸಿರಾಡುತ್ತದೆ. ಉಸಿರಾಡಿದರೆ ಬಿಸಿ ಹುಟ್ಟುತ್ತದೆ, ಬಿಸಿ ಹುಟ್ಟಿದರೆ ಉಸಿರಾಟ ಇನ್ನೂ ಜೋರಾಗುತ್ತದೆ. ಗಾಳಿಯಾಡದ ಚೀಲದಲ್ಲಿ ಈ ಸುತ್ತು ನಿಲ್ಲುವುದೇ ಇಲ್ಲ. ಸುಮಾರು 40 ಡಿಗ್ರಿ ಮುಟ್ಟಿದರೆ, ಅಥವಾ ತುಳಿದು ಜಜ್ಜಿದರೆ, ಕೋಶದ ಪೊರೆ ಒಡೆಯುತ್ತದೆ. ಮೊದಲು ಹೇಳಿದ ಬೀಗ ಮತ್ತು ಬೀಗದಕೈ ಅಲ್ಲೇ ಸೇರಿ ಪರಿಮಳ ಬಿಚ್ಚಿಕೊಂಡು ಹಾರುತ್ತದೆ. ಅದೇ ಹೊತ್ತಿಗೆ ಕ್ಯಾಟೆಚಿನ್‌ಗಳಿಗೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ತಾಗಿ ಎಲೆ ಕೆಂಪಾಗುತ್ತದೆ. ಫ್ಯಾಕ್ಟರಿಯಲ್ಲಿ ಹದವಾಗಿ ಆಗಬೇಕಾದದ್ದು ಚೀಲದಲ್ಲಿ ಹದಗೆಟ್ಟು ಆಗುತ್ತದೆ. ಟೀಗೆ ಹೊಳಪನ್ನೂ ಚುರುಕನ್ನೂ ಕೊಡುವ ಥಿಯಾಫ್ಲೇವಿನ್ ತಂಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಬಿಸಿ ಹೆಚ್ಚಾದರೆ ಅದು ಮುಂದುವರಿದು ಕಂದು ಬಣ್ಣದ ಥಿಯಾರುಬಿಜಿನ್‌ಗಳಾಗಿ ಟೀ ಮಂಕಾಗುತ್ತದೆ. ಫ್ಯಾಕ್ಟರಿಯೊಳಗೂ ಬೇಸಿಗೆಯಲ್ಲಿ ಇದೇ ಪಾಡು. ಹುದುಗುವ ಕೋಣೆಯಲ್ಲಿ ತಂಪು ಮಂಜು ಹಾಯಿಸದಿದ್ದರೆ ಒಳ್ಳೆಯ ಎಲೆಯೂ ಮಂಕು. ಹುದುಗು ಎಂದು ಎಲ್ಲರೂ ಹೇಳಿದರೂ ಅಲ್ಲಿ ಇಡ್ಲಿ ಹಿಟ್ಟಿನ ಹಾಗೆ ಯಾವ ಸೂಕ್ಷ್ಮಜೀವಿಯ ಕೆಲಸವೂ ಇಲ್ಲ, ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಆ ಕ್ರಿಯೆ. ಅದು ನಿಮ್ಮ ಕೈಲಿಲ್ಲದ್ದು, ಬಿಡಿ. ಚೀಲ ನಿಮ್ಮ ಕೈಲಿದೆ.

ಆದ್ದರಿಂದ ಮೊದಲ ಕೆಲಸ ಅದೇ. ಎಲೆಯನ್ನು ಬೆಳಿಗ್ಗೆ ಬೇಗ ಕಿತ್ತು ಹತ್ತೂವರೆ ಹನ್ನೊಂದಕ್ಕೆ ನಿಲ್ಲಿಸಿ. ಮತ್ತೆ ಬೇಕಾದರೆ ಬಿಸಿಲು ಇಳಿದ ಮೇಲೆ. ಗೋಣಿಯ ಬದಲು ಬಲೆಚೀಲ ಅಥವಾ ತೂತುಗಳಿರುವ ಪ್ಲಾಸ್ಟಿಕ್ ಕ್ರೇಟ್ ಬಳಸಿ, ತುಳಿಯಬೇಡಿ, ಅದರ ಮೇಲೆ ಯಾರೂ ಕೂರಬಾರದು. ಲಾರಿ ಬರುವವರೆಗೆ ಮರದಡಿ ಚಾಪೆ ಹಾಸಿ ಎಲೆಯನ್ನು ತೆಳುವಾಗಿ ಹರಡಿಟ್ಟರೆ ಇನ್ನೂ ಒಳ್ಳೆಯದು. ತಂಪಾಗಲೆಂದು ನೀರು ಚಿಮುಕಿಸುವುದು ಬೇಡ. ಒದ್ದೆ ಎಲೆ ಬಾಡುವುದಿಲ್ಲ, ಫ್ಯಾಕ್ಟರಿಯವರು ತೂಕದಲ್ಲಿ ಮುರಿದುಕೊಳ್ಳುತ್ತಾರೆ. ಸುತ್ತಿನ ನಾಲ್ಕೈದು ಮನೆಯವರು ಸೇರಿ ಫ್ಯಾಕ್ಟರಿಯ ಗಾಡಿಗೆ ಹೊತ್ತು ಗೊತ್ತು ಮಾಡಿಸಿಕೊಂಡರೆ ಅದರಷ್ಟು ಉಪಕಾರ ಯಾವ ಗೊಬ್ಬರದಿಂದಲೂ ಆಗದು.

ತೋಟದೊಳಗಿನ ಕೆಲಸದಲ್ಲಿ ನೆರಳೇ ದೊಡ್ಡದು. ನಿಮ್ಮಲ್ಲಿ ಸಿಲ್ವರ್ ಓಕ್ ಇದ್ದೇ ಇರುತ್ತದೆ. ಮೆಣಸಿನ ಬಳ್ಳಿಗೆ ಬೆಳಕು ಬೇಕೆಂದೋ ಸೌದೆಗೆಂದೋ ಫೆಬ್ರವರಿಯಲ್ಲೇ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿಸುವವರನ್ನು ನೋಡಿದ್ದೇನೆ. ಚಹಾಕ್ಕೆ ಅದು ಕೆಟ್ಟ ಹೊತ್ತು. ಮರಗಸಿಯನ್ನು ಮುಂಗಾರು ಹಿಡಿಯುವ ಹೊತ್ತಿಗೆ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಕೊಂಬೆ ಇರಲಿ. ಕತ್ತಲೆ ಕವಿಯುವಷ್ಟು ದಟ್ಟ ನೆರಳು ಬೇಡ, ಅದರಲ್ಲಿ ಇಳುವರಿ ಹೋಗುತ್ತದೆ, ಮಳೆಗಾಲದಲ್ಲಿ ಎಲೆಯ ಮೇಲೆ ಗುಳ್ಳೆ ಏಳುವ ಬ್ಲಿಸ್ಟರ್ ರೋಗ ಬರುತ್ತದೆ. ಗಿಡದ ಮೇಲೆ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದು ಸರಿಯುತ್ತಿದ್ದರೆ ಹದವಾದ ನೆರಳು. ಮರ ಸತ್ತು ಖಾಲಿಬಿದ್ದ ಜಾಗಗಳನ್ನು ಈ ಮಳೆಗಾಲದಲ್ಲೇ ತುಂಬಿ.

ನೀರಿನ ಪ್ರಶ್ನೆ ಕೇಳಿದ್ದಿರಿ. ನೀರು ಬಿಟ್ಟರೆ ಗಿಡ ಬದುಕುತ್ತದೆ, ಇಳುವರಿಗೂ ಸಹಾಯವಾಗುತ್ತದೆ. ಘಮ ಮರಳುತ್ತದೆ ಎಂದು ನಂಬಬೇಡಿ. ಗಾಳಿಯೇ ತೀರಾ ಒಣಗಿದ್ದರೆ ಬೇರಿಗೆ ನೀರಿದ್ದರೂ ಚಿಗುರು ಹೊರಡದು ಎಂದು ಆಫ್ರಿಕದ ಮಲಾವಿಯ ಚಹಾ ತೋಟಗಳಲ್ಲಿ ನಡೆದ ಅಧ್ಯಯನಗಳಿಂದ ಗೊತ್ತಾಗಿದೆ. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ 31 ಡಿಗ್ರಿಯ ಮಧ್ಯಾಹ್ನ ಗಾಳಿಯ ತೇವ ಶೇ. 45ಕ್ಕೆ ಇಳಿದರೆ ಆ ಮಿತಿ ದಾಟಿತು. ಅಷ್ಟೂ ನೀರು ಹಾಯಿಸುವುದಕ್ಕಿಂತ ಇದ್ದ ತೇವವನ್ನು ನೆಲದಲ್ಲಿ ಉಳಿಸುವುದು ಸಣ್ಣ ತೋಟಕ್ಕೆ ಸುಲಭ. ಗಿಡ ಸವರಿದ ಕಡ್ಡಿ, ಸಿಲ್ವರ್ ಓಕ್‌ನ ತರಗು ಯಾವುದನ್ನೂ ಹೊರಗೆ ಹಾಕಬೇಡಿ, ಸುಡಬೇಡಿ. ಡಿಸೆಂಬರ್ ಮುಗಿಯುವ ಮೊದಲೇ ಸಾಲುಗಳ ನಡುವೆ ಹಾಸಿ. ಪೊಟ್ಯಾಷ್ ಕಡಿಮೆಯಿದ್ದರೆ ಗಿಡ ಬರ ತಡೆಯುವುದಿಲ್ಲ, ಮಣ್ಣು ಪರೀಕ್ಷೆ ಮಾಡಿಸಿ ಬೇಸಿಗೆಗೆ ಮುಂಚೆ ಅದನ್ನು ಸರಿಮಾಡಿಕೊಳ್ಳಿ. ದಕ್ಷಿಣ ಭಾರತದ ತೋಟದ ಬೆಳೆಗಾರರ ಒಕ್ಕೂಟವಾದ ಉಪಾಸಿ ಸಂಸ್ಥೆಯ ಸಲಹಾ ಕೇಂದ್ರ ಕೂನೂರಿನಲ್ಲಿದೆ, ಮುಖ್ಯ ಸಂಶೋಧನಾ ಕೇಂದ್ರ ವಾಲ್ಪಾರೈಯಲ್ಲಿ. ಸಣ್ಣ ಬೆಳೆಗಾರರು ಅಲ್ಲಿಗೆ ಹೋಗಲು ಹಿಂಜರಿಯಬೇಕಿಲ್ಲ.

ಬಿಸಿಲಲ್ಲಿ ಕೆಂಪು ಜೇಡನುಸಿ ಏರುತ್ತದೆ, ಎಲೆ ಮಾಸಲು ಕೆಂಪಾಗುತ್ತದೆ. ಅದನ್ನು ಬಿಸಿಲಿನ ಸುಟ್ಟಗಾಯ ಎಂದು ತಪ್ಪು ತಿಳಿಯಬೇಡಿ, ಎಲೆಯ ಮೇಲ್ಭಾಗವನ್ನು ಕಣ್ಣಿಟ್ಟು ನೋಡಿ. ಔಷಧ ಹೊಡೆಯುವುದಾದರೆ ಟೀ ಬೋರ್ಡ್ ಒಪ್ಪಿದ ಪಟ್ಟಿಯಲ್ಲಿ ಇರುವುದನ್ನಷ್ಟೇ. ತೈವಾನಿನ ಕಥೆ ಓದಿ ಹುಳವನ್ನು ಹಾಗೇ ಬಿಟ್ಟರೆ ಘಮ ಬರುತ್ತದೆ ಎಂದುಕೊಳ್ಳುವುದೂ ಬೇಡ. ಅದು ಕೈಯಲ್ಲಿ ಆರಿಸಿ, ಎಚ್ಚರದಿಂದ ಮಾಡುವ ಟೀ. ನಿಮ್ಮ ಎಲೆ ಹೋಗುವುದು ಸಿಟಿಸಿ ಯಂತ್ರಕ್ಕೆ. ಆ ಯಂತ್ರ ಎಲೆಯನ್ನು ನುಚ್ಚು ಮಾಡಿ ಬೇಗ ಕೆಂಪಾಗಿಸುತ್ತದೆ, ಮಾಡುವುದೇ ಹಾಲು ಹಾಕಿ ಕುಡಿಯುವ ಟೀ. ಅದರಲ್ಲಿ ನವಿರಾದ ಪರಿಮಳಕ್ಕಿಂತ ಬಣ್ಣಕ್ಕೂ ಚುರುಕಿಗೂ ಬೆಲೆ ಹೆಚ್ಚು. ಆದ್ದರಿಂದ "ವಾಸನೆ ಇಲ್ಲ" ಎಂಬ ಅವರ ಮಾತಿನ ಒಳಗೆ "ಎಲೆ ಕೆಂಪಾಗಿ ಬಂದಿದೆ, ಬಲಿತಿದೆ" ಎಂಬ ದೂರೂ ಸೇರಿರಬಹುದು. ಮುಂದಿನ ಸಲ ಹೋದಾಗ ಒಂದು ಹಿಡಿ ಎಲೆ ಮೇಜಿನ ಮೇಲೆ ಹರವಿ ಯಾವುದು ತಪ್ಪೆಂದು ತೋರಿಸಿರೆಂದು ಕೇಳಿ.

ತಳಿಯ ವಿಷಯ ದೀರ್ಘಕಾಲದ್ದು. ದಕ್ಷಿಣದಲ್ಲಿ ಘಮಕ್ಕೆ ಹೆಸರಾದ ಸಿಆರ್-6017 ಇದೆ, ಬರ ತಡೆಯುವ ಉಪಾಸಿ-9 ಇದೆ. ಬರ ತಡೆಯುವ ಬೇರಿನ ಮೇಲೆ ಗುಣದ ತಳಿಯನ್ನು ಕಸಿ ಕಟ್ಟುವ ಪದ್ಧತಿಯೂ ಇದೆ. ಮರುನಾಟಿ ಮಾಡುವಾಗ ಯೋಚಿಸಿ, ಈಗಿರುವ ಗಿಡ ಕೀಳುವ ಅವಸರ ಬೇಡ. ಬಿಸಿಲು ಇಳಿಯುವ ಲಕ್ಷಣವಂತೂ ಇಲ್ಲ. 2024ರ ಮೇ ತಿಂಗಳಲ್ಲಿ ಬಿಸಿಗಾಳಿಗೆ ಸಿಕ್ಕಿ ದೇಶದ ಚಹಾ ಉತ್ಪಾದನೆ ಹಿಂದಿನ ಮೇಗಿಂತ ಶೇ. 30ರಷ್ಟು ಕುಸಿದು ಒಂಬತ್ತು ಕೋಟಿ ಕೆ.ಜಿ. ಚಿಲ್ಲರೆಗೆ ಬಂತು. ಆದ್ದರಿಂದ ನೆರಳಿನ ಮರ ನೆಡುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಮನೆಯಲ್ಲೇ ಉಜ್ಜಿ ಕುಡಿದು ನೋಡಿದ್ದೇನೆ ಎಂದು ಬರೆದಿದ್ದೀರಿ. ಅದನ್ನೇ ಇನ್ನೊಮ್ಮೆ ಹೀಗೆ ಮಾಡಿ. ಒಂದೇ ಬೆಳಿಗ್ಗೆ, ಎರಡು ಎಲೆ ಒಂದು ಕುಡಿಯಂತೆ ಮೂರು ಪಾಲು ಕೀಳಿರಿ, ತಲಾ ಕಾಲು ಕೆ.ಜಿ. ಮೊದಲನೆಯದು ಸಿಲ್ವರ್ ಓಕ್ ನೆರಳಿನ ಗಿಡದ್ದು. ಎರಡನೆಯದು ಬಯಲಿನ ಗಿಡದ್ದು. ಮೂರನೆಯದೂ ನೆರಳಿನದೇ, ಆದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿ, ಬಾಯಿ ಕಟ್ಟಿ ಮೂರು ಗಂಟೆ ಬಿಸಿಲಲ್ಲಿಡಿ. ಆಮೇಲೆ ಮೂರನ್ನೂ ಬೇರೆಬೇರೆ ಮೊರದಲ್ಲಿ ಹರಡಿ ರಾತ್ರಿಯಿಡೀ ಬಾಡಿಸಿ. ದಂಟು ಬಗ್ಗಿಸಿದರೆ ಮುರಿಯದೆ ಬಾಗಬೇಕು. ಕೈಯಲ್ಲಿ ಚೆನ್ನಾಗಿ ಹೊಸೆದು, ಒದ್ದೆ ಬಟ್ಟೆ ಮುಚ್ಚಿ, ತಾಮ್ರದ ಬಣ್ಣ ಬರುವವರೆಗೆ ತಂಪು ಮೂಲೆಯಲ್ಲಿಟ್ಟು, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಒಣಗಿಸಿ. ಎರಡು ಗ್ರಾಂ ಪುಡಿಗೆ ನೂರು ಮಿಲಿಲೀಟರ್ ಕುದಿಯುವ ನೀರು, ಆರು ನಿಮಿಷ, ಹಾಲೂ ಇಲ್ಲ ಸಕ್ಕರೆಯೂ ಇಲ್ಲ. ಯಾವ ಬಟ್ಟಲು ಯಾವುದೆಂದು ಗೊತ್ತಿಲ್ಲದ ಒಬ್ಬರಿಗೆ ಕುಡಿಸಿ. ಅಕ್ಕ ಬಂದಿದ್ದರೆ ಅವರಿಗೇ ಕುಡಿಸಿ.

ಎರಡನೆಯ ಬಟ್ಟಲು ಹಿಂದೆ ಬಿದ್ದರೆ ಮರ ನೆಡುವ ಕೆಲಸ ಮೊದಲು. ಮೂರನೆಯದು ಹಿಂದೆ ಬಿದ್ದರೆ ಚೀಲ ಬದಲಿಸುವುದು ಮೊದಲು, ಅದಕ್ಕೆ ಮುಂಗಾರಿನವರೆಗೆ ಕಾಯಬೇಕಿಲ್ಲ. ಫಲ ಏನಾಯಿತೆಂದು ಬರೆಯಿರಿ, ಆ ದಿನ ಮಧ್ಯಾಹ್ನ ಎರಡೂ ಕಡೆಯ ಎಲೆ ಎಷ್ಟು ಬಿಸಿಯಿತ್ತು ಎಂಬ ಅಂಕಿಯನ್ನೂ ಜೊತೆಗೆ ಕಳಿಸಿ.